ಇಂದಿರಾಬಾಯಿಯವರ ಏಕಾದಶಿ

ಓದುಗ ಮಿತ್ರರೇ, ಆ ಕಾಲಕ್ಕೆ ಪುಣೆಯ ನಮ್ಮ ಮನೆಯಲ್ಲಿ ಟೆಲಿಫೋನಿಗೂ ಇಂಟರ್ನೆಟ್ಟಿಗೂ ಇದ್ದದ್ದು ಒಂದೇ ತಂತಿ. ನಾನು ಕಂಪ್ಯೂಟರಿನ ಮುಂದೆ ಕುಳಿತೆನೆಂದರೆ ಊರಿನಿಂದ ಫೋನು ಹಚ್ಚುವ ನಾದಿನಿಗೆ ನಾವು ಸಿಗುತ್ತಿರಲಿಲ್ಲ. ಅದು ಯಾವ ವರ್ಷವೆಂದು ಖಚಿತವಾಗಿ ಹೇಳಲಾರೆ. ಶಾಸನಗಳ ಕಾಲನಿರ್ಣಯದಲ್ಲೇ ಆಯುಷ್ಯ ಸವೆಸಿದವನು, ನಮ್ಮ ಕನ್ನಡ ಇ-ಮೇಲ್ ಬಳಗದ ಮೊದಲ ಪತ್ರವನ್ನೇ ಉಳಿಸಿಕೊಳ್ಳಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಿದ್ದ ಆ ಸದಸ್ಯರಲ್ಲಿ ಹೆಚ್ಚಿನವರ ಮುಖ ಕಂಡವನಲ್ಲ ನಾನು. ಮುಖ ಕಾಣದ ಕೂಟಕ್ಕೆ ಬಳಗವೆಂಬ ಹೆಸರು ಸಲ್ಲುವುದೇ ಎಂಬ ಸಂಶಯವೂ ಇತ್ತು.

ಬಳಗದಲ್ಲಿ ಪುಣೆಯ ಪಕ್ಕದ ನಿಗಡಿಯಲ್ಲಿದ್ದ ಇಂದಿರಾಬಾಯಿ ಎಂಬ ಹಿರಿಯರಿದ್ದರು, ವಿಜಾಪುರದ ಕಡೆಯವರು. ತಮ್ಮ ಅತ್ತೆ ಶ್ರಾವಣದ ಏಕಾದಶಿಯಂದು, ಮಂಗಳವಾರ, ಪುಣ್ಯವಂತರ ಸಾವು ಸತ್ತರೆಂದು ಅವರೊಮ್ಮೆ ಬರೆದರು. ನಾನು ಹಳೆಯ ಪಂಚಾಂಗ ತೆಗೆದು, ಆ ವರ್ಷ ಏಕಾದಶಿ ಸೋಮವಾರವೇ ಆಗಿಹೋಗಿತ್ತೆಂದು ಎಲ್ಲರೆದುರು ತಿದ್ದಿದೆ. ಮರುದಿನದಿಂದ ಅವರ ಪತ್ರಗಳು ನಿಂತುಹೋದವು.

ವಾರ ಕಳೆಯುವ ಮೊದಲೇ, ಲೋಣಾವಳೆಯಲ್ಲಿ ಹೋಟೆಲು ನಡೆಸುವ ಸದಸ್ಯರೊಬ್ಬರು ಬಾಯಿಯವರು ಎಲ್ಲಿ ಎಂದು ಕೇಳಿದರು. ಮತ್ತೊಬ್ಬರು, ಮಗದೊಬ್ಬರು ಅದನ್ನೇ ಕೇಳಿದರು. ಯಾರೂ ನನ್ನತ್ತ ಬೆರಳು ತೋರಿಸಲಿಲ್ಲ. ಆದರೂ ತೀರಿಹೋದ ಮುದುಕಿಯೊಬ್ಬರ ಪುಣ್ಯವನ್ನು ಕಸಿದುಕೊಂಡವನು ನಾನೇ ಎಂದು ಪ್ರತಿ ಪತ್ರವೂ ಚುಚ್ಚಿತು. ಕೊನೆಗೆ ಕಂಪ್ಯೂಟರಿನಿಂದ ತಂತಿ ಬಿಡಿಸಿ ಅವರಿಗೆ ಫೋನು ಹಚ್ಚಿದೆ.

ಕಣ್ಣಿನ ಪೊರೆ ತೆಗೆಸಿದ್ದರಂತೆ. ಬಂದ ಪತ್ರಗಳನ್ನೆಲ್ಲ ಸೊಸೆಯೇ ಓದಿ ಹೇಳುತ್ತಿದ್ದಳಂತೆ. ನಾನು ತಡವರಿಸುತ್ತ ಕ್ಷಮೆ ಕೇಳಿದೆ.

"ನಿಮ್ಮ ಏಕಾದಶಿ ಸೋಮವಾರನ ಇದ್ದೀತ್ರಿ. ನಾವು ವೈಷ್ಣವರು, ನಮ್ಮ ಮಠದ ಪಂಚಾಂಗದಾಗ ಅದು ಮಂಗಳವಾರ," ಎಂದರು.

ಸ್ಮಾರ್ತರಿಗೆ ಒಂದು ದಿನ, ವೈಷ್ಣವರಿಗೆ ಮರುದಿನ: ಕೆಲವು ತಿಂಗಳು ಹಾಗಾಗುವುದನ್ನು ನಮ್ಮ ಸೀಮೆಯ ಮಕ್ಕಳೂ ಬಲ್ಲರು. ಕಲ್ಲಿನ ಬರಹಕ್ಕೆ ನಾಲ್ಕು ಆಧಾರ ಹುಡುಕುತ್ತಿದ್ದ ನಾನು, ಜೀವಂತ ವ್ಯಕ್ತಿಯ ನೆನಪಿಗೆ ಒಂದೇ ಪಂಚಾಂಗ ಸಾಕೆಂದುಕೊಂಡಿದ್ದೆ.

ಸಿಟ್ಟಾಗಿದ್ದೀರಾ ಎಂದು ಕೇಳಿದೆ.

"ಸಿಟ್ಟು ಯಾಕ್ರಿ? ನಮ್ಮತ್ತಿ ಸಲುವಾಗಿ ಯಾರೋ ಪಂಚಾಂಗ ತೆಗೆದು ನೋಡ್ಯಾರಲ್ಲ, ಭಾಳ ಸಮಾಧಾನ ಆತು. ಈ ಸಲ ದ್ವಾದಶಿ ಊಟಕ್ಕ ಎಲ್ಲಾರ್ನೂ ಕರಕೊಂಡು ಬರ್ರಿ. ನಿಮ್ಮ ಪಂಚಾಂಗ ನೋಡಿ ಬಂದ್ರ ಮಾತ್ರ ನೀವೂ ಉಪವಾಸನ."

ತಂತಿಯನ್ನು ಮತ್ತೆ ಕಂಪ್ಯೂಟರಿಗೆ ಸಿಕ್ಕಿಸಿ, ನನ್ನ ತಪ್ಪನ್ನೂ ಅವರ ಆಮಂತ್ರಣವನ್ನೂ ಬಳಗಕ್ಕೆ ಬರೆದೆ. ಸಂಜೆಯೊಳಗೆ ಉತ್ತರಗಳು ಸಾಲುಗಟ್ಟಿದವು. ತಪ್ಪಿನ ವಿಷಯವನ್ನು ಒಬ್ಬರೂ ಎತ್ತಿರಲಿಲ್ಲ. ಎಲ್ಲರೂ ಕೇಳಿದ್ದು ಇಂದಿರಾಬಾಯಿಯವರ ಕಣ್ಣು ಹೇಗಿದೆ, ಊಟ ಯಾವ ದಿನ ಎಂದು. ದಿನವನ್ನು ನಾನೇ ತಿಳಿಸಿದೆ, ಪಂಚಾಂಗ ತೆರೆಯದೆ, ಅವರನ್ನೇ ಕೇಳಿ.