ಹಿಟ್ಟು ನಾದುವ ಕೈ ಹಿಡಿದ ಕಟಗೇರಿ ಸರ್

ಊಟ ಸಾಕಾದರೆ ಲೋಕದವರೆಲ್ಲ ತಾಟಿನ ಮೇಲೆ ಕೈ ಅಡ್ಡ ಹಿಡಿಯುತ್ತಾರೆ. ನಮ್ಮ ಕಟಗೇರಿ ಸರ್ ಎದ್ದು ಅಡುಗೆಮನೆಗೇ ಹೋಗುತ್ತಿದ್ದರು. ಹಂಚಿನ ಮುಂದೆ ರೊಟ್ಟಿ ಬೇಯಿಸುವವಳನ್ನು ದಾಟಿ, ಮೂಲೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದವಳ ಎದುರು ನಿಂತು, "ತಂಗೀ, ಕೈ ಬಿಡವಾ, ಬುಟ್ಟಿ ತುಂಬೈತಿ" ಎಂದು ಘೋಷಿಸಿ ಬರುತ್ತಿದ್ದರು. ಹುನಗುಂದದ ಒಂದು ಮದುವೆಯಲ್ಲಿ ಇದರಿಂದಾಗಿ ಬೀಗರ ಕೊನೆಯ ಪಂಕ್ತಿಗೆ ರೊಟ್ಟಿ ಸಾಲದೆ ಸಣ್ಣದೊಂದು ಯುದ್ಧವೇ ಆಯಿತು. ಸರ್ ವಿಚಲಿತರಾಗಲಿಲ್ಲ. "ಬುಟ್ಟಿ ಖಾಲಿ ಆತಂದ್ರ ಮತ್ತ ನಾದಬೇಕು. ಅದೂ ನಿಯಮದಾಗ ಐತಿ" ಎಂದರು.

ನಿಯಮ ಅವರದಲ್ಲ, ಬ್ಯಾಕ್ಟೀರಿಯಾದ್ದು. ಬಾಗಲಕೋಟೆಯ ಕಾಲೇಜಿನಲ್ಲಿ ಅವರು ಸೂಕ್ಷ್ಮಜೀವಿಶಾಸ್ತ್ರದ ಹಿರಿಯ ಉಪನ್ಯಾಸಕರು. ನಾನು ಅವರ ಕೈಕೆಳಗಿನವನು. ಬ್ಯಾಕ್ಟೀರಿಯಾ ತನಗೆ ಬೇಕಾದ ಅಮೈನೋ ಆಮ್ಲಗಳನ್ನು ಹಲವು ಹಂತಗಳಲ್ಲಿ ಮಾಡಿಕೊಳ್ಳುತ್ತದೆ, ಹಂತಕ್ಕೊಂದು ಕಿಣ್ವ. ಸಾಕಷ್ಟು ತಯಾರಾಯಿತೆಂದರೆ ಆ ಆಮ್ಲವೇ ಹಿಂದಕ್ಕೆ ಹೋಗಿ ಮೊದಲ ಹಂತದ ಕಿಣ್ವವನ್ನು ತಡೆಯುತ್ತದೆ. ಸರ್ ಬಾಯಲ್ಲಿ ಇದು ಹೀಗೆ:

"ಹಂಚಿನ ಮುಂದ ಕುಂತಾಕಿ ಕೈ ಹಿಡದ್ರ ನಾದಿದ ಹಿಟ್ಟು ಹಾಳು. ನಾದಾಕಿ ಕೈ ಹಿಡೀರಿ. ಇದು ತಕ್ಷಣದ ಉಪಾಯ. ಇನ್ನೊಂದು, ನಾಳಿಂದ ನಾದಾಕಿನ್ನ ಕರಿಯಾಕನ ಹೋಗಬ್ಯಾಡ್ರಿ ಅನ್ನೂದು. ಜೀನ್ ಮುಚ್ಚೂದು ಅಂದ್ರ ಅದು. ಕಣ್ಣಿಗೆ ಕಾಣದ ಜೀವಕ್ಕ ಇಷ್ಟು ಬುದ್ಧಿ ಐತಿ. ಬೀಗರಿಗಿಲ್ಲ."

ಇಷ್ಟು ಖಚಿತವಾಗಿ ಹೇಳುತ್ತಿದ್ದವರಿಗೆ ಒಂದು ಕೊರಗಿತ್ತು. ಕರಿಹಲಗೆಯ ಮೇಲೆ ಬರೆದದ್ದನ್ನು ಅವರು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. "ಕಾಣದ್ದನ್ನ ಕಲಿಸಿದ್ರ ಪುರಾಣ ಆಗ್ತೈತಿ. ನಿವೃತ್ತಿ ಆಗೂದ್ರೊಳಗ ನೋಡೇ ನೋಡ್ತೇನಿ" ಎಂದು ಹಟ ಹಿಡಿದಿದ್ದರು.

ಪ್ರಯೋಗ ಸರಳ. ಸಕ್ಕರೆ, ಲವಣ ಬಿಟ್ಟು ಬೇರೆ ಆಹಾರವಿಲ್ಲದ, ಅಗರ್ ಎಂಬ ಲೋಳೆ ಹೊಯ್ದ ತಟ್ಟೆಯ ತುಂಬ, ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲ ಮಾಡಿಕೊಳ್ಳಲಾರದ ಬ್ಯಾಕ್ಟೀರಿಯಾವನ್ನು ಹರಡಬೇಕು. ಅವು ಹಸಿದಿರುತ್ತವೆ. ನಡುವೆ ಚುಕ್ಕೆಯಷ್ಟು, ಸಾಕೆನ್ನುವ ತಡೆಯೇ ಕೆಟ್ಟುಹೋದ ತಳಿ. ಅದು ನಿಲ್ಲಿಸದೆ ಟ್ರಿಪ್ಟೋಫ್ಯಾನ್ ಮಾಡಿ ಹೊರಗೆ ಚೆಲ್ಲುತ್ತದೆ. ಸುತ್ತಲಿನವು ತಿಂದು ಬೆಳೆದು ಬಿಳಿ ಬಳೆ ಕಟ್ಟುತ್ತವೆ. ಹಾಗೆಯೇ ಹರಡಿದ ಎರಡನೆಯ ತಟ್ಟೆಯ ನಡುವೆ ತಡೆ ಸರಿಯಿರುವ ತಳಿ. ಅಲ್ಲಿ ಬಳೆ ಮೂಡಬಾರದು. ನಮ್ಮಲ್ಲಿ ಮೂರು ವರ್ಷವೂ ಎರಡೂ ತಟ್ಟೆ ಅಂಚಿನಿಂದ ಅಂಚಿಗೆ ಬೆಳ್ಳಗೆ. ಸರ್ ನೀರು ಬದಲಿಸಿದರು, ಲವಣ ಬದಲಿಸಿದರು, ತಳಿಗಳನ್ನೇ ಹೊಸದಾಗಿ ತರಿಸಿದರು. ಪ್ರತಿ ಸಲ ಪ್ರಯೋಗದ ಪುಸ್ತಕದಲ್ಲಿ "ವಿಫಲ" ಎಂದು ಬರೆದು, "ಮತ್ತ ಹಚ್ಚೂಣು" ಎನ್ನುತ್ತಿದ್ದರು.

ಅವರ ನಿವೃತ್ತಿಯ ವಾರ ಬಂತು. ನಾನು ಲ್ಯಾಬಿನೊಳಗೆ ಕಾಲಿಟ್ಟಾಗ ಅಟೆಂಡರ್ ಸಾವಕ್ಕ, ಅಗರನ್ನು ಕುದಿಸಿ ಶುದ್ಧಗೊಳಿಸಲು ಕುಕ್ಕರಿಗಿಡುವ ಮುನ್ನ, ಪೆಪ್ಟೋನ್ ಡಬ್ಬಿಯಿಂದ ಒಂದು ಚಿಟಿಕೆ ಅದಕ್ಕೆ ಉದುರಿಸುತ್ತಿದ್ದಳು. ಪೆಪ್ಟೋನ್ ಬ್ಯಾಕ್ಟೀರಿಯಾಕ್ಕೆ ಮೃಷ್ಟಾನ್ನ; ಟ್ರಿಪ್ಟೋಫ್ಯಾನ್ ಅದರಲ್ಲಿ ಧಾರಾಳ. ಸರ್ ಓಡಿ ಬಂದರು. ಸಾವಕ್ಕ ಅಳುಕಲಿಲ್ಲ.

"ಹೌದ್ರಿ, ಹಾಕೇನಿ. ಪ್ರತಿ ಸಲಾನೂ ಹಾಕೇನಿ. ಹಸದ ಜೀವಗೋಳ್ನ ಒಳಗ ಇಟ್ಟು ಬಾಗಲಾ ಹಾಕ್ಕೊಂಡು ಹೊಕ್ಕೀರಿ. ನಿಮ್ಮ ಮನ್ಯಾಗ ಹಿಂಗ ಮಾಡ್ತೀರೇನ್ರಿ ಸರ? ಮಠದಾಗ ದಾಸೋಹಕ್ಕ ನೀಡಾಕಿ ನಾ. ಕೈ ತಡೀಲಿಲ್ಲ."

ಸಿಡಿಲು ಬೀಳುತ್ತದೆಂದು ನಾನು ಕಾದೆ. ಸರ್ ಕನ್ನಡಕ ತೆಗೆದು ಒರೆಸಿಕೊಂಡರು.

"ಮೂರು ವರ್ಷ ನಿನ್ನ ದಾಸೋಹಾನ ನಾ ವಿಫಲ ಅಂತ ಬರದೀನಲ್ಲ ಸಾವಕ್ಕ! ಕೇಳಿಲ್ಲೆ. ನೀ ನೀಡಬ್ಯಾಡ. ಆ ಜೀವಗೋಳ ಓಣ್ಯಾಗನ ಒಬ್ಬಾಕಿ ಅದಾಳ, ಕೈ ನಿಲ್ಲದಾಕಿ. ಆಕಿ ನೀಡ್ತಾಳ."

"ಖರೇನ ನೀಡ್ತಾಳ್ರಿ?"

"ಅದನ್ನ ನೋಡಾಕನ ಇಷ್ಟು ವರ್ಷ ಕುಂತೀನಿ."

"ಎರಡನೇ ತಾಟಿನ್ಯಾಗ?"

"ಅಲ್ಲೆ ಯಾರೂ ನೀಡಂಗಿಲ್ಲ."

ಸಾವಕ್ಕ ಪೆಪ್ಟೋನ್ ಡಬ್ಬಿಯ ಮುಚ್ಚಳ ಹಾಕಿ, "ಹಂಗಾರ ಆ ತಾಟ ನಾ ನೋಡಂಗಿಲ್ಲ" ಎಂದಳು. ಒಪ್ಪಂದವಾಯಿತು. ಸರ್ ಹೊಸ ಅಗರ್ ಮಾಡಿಸಿದರು.

ಹಾರ ಹಾಕಿ, ಶಾಲು ಹೊದಿಸಿ ಅವರನ್ನು ಬೀಳ್ಕೊಟ್ಟ ದಿನ ತಟ್ಟೆಗಳಿನ್ನೂ ಇನ್‌ಕ್ಯುಬೇಟರಿನಲ್ಲಿದ್ದವು. ಎರಡು ದಿನದ ಮೇಲೆ ಬಾಗಿಲು ತೆರೆದು ನೋಡಿ, ಬಾದಾಮಿಯ ಮನೆಯಲ್ಲಿದ್ದ ಸರ್‌ಗೆ ಫೋನು ಮಾಡಿದೆ. ಫೋಟೋ ಕಳಿಸಲೇ ಎಂದರೆ, "ಫೋಟೋ ಬ್ಯಾಡೋ ಮಾರಾಯಾ, ಬರ್ತೇನಿ. ಮುಚ್ಚಿಡು" ಎಂದರು. ಕೆರೂರಿನಲ್ಲಿ ಬಸ್ಸು ಕೆಟ್ಟಿತಂತೆ. ಸಿಕ್ಕಿದ ಟಂಟಂ ಆಟೋ ಹಿಡಿದು ಮಧ್ಯಾಹ್ನಕ್ಕೆ ಬಂದರು.

ಮೊದಲ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಚುಕ್ಕೆಯ ಸುತ್ತ ಬಿಳಿ ಬಳೆ, ಆಚೆಗೆ ಸ್ವಚ್ಛ. ಎರಡನೆಯದರಲ್ಲಿ ಬರೀ ಚುಕ್ಕೆ. ಹಿಂದಿನಿಂದ ಇಣುಕಿದ ಸಾವಕ್ಕ, "ನೀಡ್ಯಾಳ ನೋಡ್ರಿ!" ಎಂದು ಕೂಗಿದಳು.

ಸರ್ ತಟ್ಟೆಯನ್ನು ಮೂರು ಸಲ ತಿರುಗಿಸಿದರು. "ತಪ್ಪು ಪಾಠ ಹೇಳಿಲ್ಲ ನಾ" ಎಂದರು, ಯಾರಿಗೋ ಉತ್ತರ ಕೊಡುವವರಂತೆ.

ಪ್ರಯೋಗದ ಪುಸ್ತಕ ತೆಗೆದು ಫಲಿತಾಂಶ ಬರೆದರು. ಕಂಡವರು ಎಂಬಲ್ಲಿ ಸಾವಕ್ಕನ ಹೆಸರು ಮೊದಲು, ತಮ್ಮದು ಕೊನೆಗೆ. ಆಮೇಲೆ ಪೆನ್ನನ್ನು ನನ್ನ ಕಡೆ ಚಾಚಿ, "ಸಹಿ ನೀ ಮಾಡಪಾ. ನಾ ಈಗ ಸರ್ವಿಸಿನ್ಯಾಗಿಲ್ಲ" ಎಂದರು. ನಾನು ಸಹಿ ಹಾಕಿ ತಲೆ ಎತ್ತುವಷ್ಟರಲ್ಲಿ ಮೆಟ್ಟಿಲಿಳಿಯುತ್ತಿದ್ದರು. ಮತ್ತೆ ಅವರನ್ನು ನಾನು ಕಾಣಲಿಲ್ಲ.