ಚಿತ್ರದಲ್ಲಿರುವ ಕೊಂಬೆ

ಜಪಾನಿನ ಎದೋ ಪಟ್ಟಣದ ದೊರೆಯ ತೋಟದಲ್ಲಿ ಪೈನ್ ಮರ ಸವರುವ ಮುದುಕ ಗೆನ್‌ಸಾಕುವಿಗೆ ಒಂದು ಸೂಜಿಯೆಲೆ ಅಡ್ಡ ಬೆಳೆದರೂ ಅಂದು ಅನ್ನ ಇಳಿಯದು. ಹೆಂಡತಿಯ ತಲೆಗೂದಲನ್ನೂ ಕತ್ತರಿಯ ಕಣ್ಣಿನಿಂದಲೇ ನೋಡುತ್ತಾನೆ. ತೋಟಕ್ಕೆ ಬರುವವರೆಲ್ಲ ಮರದಚ್ಚಿನಲ್ಲಿ ಒತ್ತಿದ ಆ ತೋಟದ್ದೇ ಹಳೆಯ ಚಿತ್ರ ಹಿಡಿದು ಬರುತ್ತಾರೆ. “ಏನಜ್ಜಾ, ಇದ್ರಾಗೆ ಸೇತುವೆ ಮ್ಯಾಲೆ ಬಾಗಿರೋ ಕೊಂಬೆ ಎಲ್ಲೈತೆ? ಒಲೆಗಿಟ್ಯಾ?” ಎಂದು ಕೆಣಕುತ್ತಾರೆ. “ಬರೆದೋನು ಕುಡಿದಿದ್ದ, ಹೋಗಯ್ಯಾ!” ಎಂದು ಗದರುತ್ತಾನೆ. ಅವರು ಅತ್ತ ಹೋದದ್ದೇ, ಐವತ್ತು ವರ್ಷದಿಂದ ತಾನೇ ಕಡಿದ ಗಾಯಗಳನ್ನು ಸೇತುವೆ ಪಕ್ಕದ ಮರದ ಮೈಮೇಲೆ ಒಂದೊಂದಾಗಿ ತಡವುತ್ತಾನೆ. ಆ ಕೊಂಬೆಯ ಗಾಯ ಇದರಲ್ಲಿದೆಯೋ ಇಲ್ಲವೋ, ನೆನಪಾಗುವುದಿಲ್ಲ. ಈಚೆಗೆ ಗೇಣುದ್ದದ ಚಿಗುರೊಂದಕ್ಕೆ ಹುಲ್ಲಿನ ಹುರಿ ಕಟ್ಟಿ ಸೇತುವೆಯ ಕಡೆಗೆ ಎಳೆಯುತ್ತಿದ್ದಾನೆ. “ಅದು ಅಲ್ಲಿಗೆ ಮುಟ್ಟೋ ಹೊತ್ತಿಗೆ ನಿಮಗೆ ನೂರು ತುಂಬ್ತದೆ” ಎಂದು ಹೆಂಡತಿ ಓಕಿನು ನಗುತ್ತಾಳೆ. “ಕಡಿದೋನು ನಾನೇ ಆಗಿದ್ರೆ?” ಎನ್ನುತ್ತಾ ಅವನು ಗಂಟು ಬಿಗಿಯುತ್ತಾನೆ.