ಗುಡ್ಡವ್ವ ಟೀಚರು ಹಾಕಿದ ಮಾರ್ಕ್ಸು

ಗೋಪನಕೊಪ್ಪದ ಗುಡ್ಡವ್ವ ಟೀಚರು ನಮ್ಮ ಸೀರೆ ಅಂಗಡಿಗೆ ಆರು ಮಂಗಳವಾರ ಬಂದರು. ಒಂದು ಕರವಸ್ತ್ರವನ್ನೂ ಕೊಳ್ಳಲಿಲ್ಲ. ಅಂಥ ಗಿರಾಕಿಯನ್ನು ಯಾವ ವ್ಯಾಪಾರಿಯೂ ಮರೆಯುವುದಿಲ್ಲ.

ಅಂಗಡಿ ತುಂಬಿ ತುಳುಕುವ ಹೊತ್ತನ್ನೇ ಆರಿಸಿಕೊಂಡು ಬರುವರು. ಗಾದಿಯ ಮೇಲೆ ಜನರ ನಟ್ಟನಡುವೆ ಕೂತು, ಸೀರೆ ತೋರಿಸಲು ಹೇಳಿ, ಒಂದು ಪುಟ್ಟ ನೋಟ್‌ಬುಕ್ ತೆಗೆಯುವರು. ಐದೈದು ನಿಮಿಷಕ್ಕೊಮ್ಮೆ ಗಡಿಯಾರ ನೋಡಿ ಒಂದು ಅಂಕಿ ಬರೆಯುವರು. ಚಹ ತರಿಸಿದರೆ, "ಒಲ್ಲೆರಿ, ಈಗಷ್ಟ ರಕ್ತ ಹೆಚ್ಚೋ ಗುಳಿಗಿ ನುಂಗೇನಿ. ಮ್ಯಾಲೆ ಚಾ ಕುಡದ್ರ ಮೈಗೆ ಹತ್ತಂಗಿಲ್ಲ" ಎನ್ನುವರು. ಅರ್ಧ ತಾಸಾದ ಮೇಲೆ ನಮಸ್ಕಾರ ಹೇಳಿ ಹೊರಡುವರು.

ಮೂವತ್ತು ವರ್ಷದಿಂದ ನಮ್ಮಲ್ಲಿ ಸೀರೆ ಬಿಡಿಸುವ ನಿಜಾಮುದ್ದೀನ ಮೂರನೆಯ ವಾರ ಆ ನೋಟ್‌ಬುಕ್ಕಿನೊಳಗೆ ಇಣುಕಿದ.

"ಸಾವ್ಕಾರ್ರ, ಅಕ್ಕೋರು ನಮ್ಮ ಸೀರಿಗೆ ಮಾರ್ಕ್ಸ್ ಹಾಕಾಕತ್ತಾರ್ರಿ!"

"ಎಷ್ಟ ಹಾಕ್ಯಾರ?"

"ಹತ್ತಿ ಸೀರಿಗೆ ಎಂಟು. ಇಳಕಲ್ಲಿಗೆ ಆರು. ರೇಷ್ಮಿ ಬಿಡಿಸಿದ್ರ ಮೂರು!"

ಯಾರೋ ಎದುರಂಗಡಿಯವರು ಕಳಿಸಿದ ಗೂಢಚಾರಿಣಿಯೆಂದು ನಾನು ನಿರ್ಧರಿಸಿದೆ. ಐದನೆಯ ಮಂಗಳವಾರ ನಾನೇ ಮುಂದೆ ಕೂತು, ಒಳಗಿನ ಕಪಾಟಿನಿಂದ ಮದುವೆ ಸೀರೆ ತೆಗೆದು ಹರವಿದೆ. ಟೀಚರು "ಎರಡು" ಎಂದು ಬರೆದು ಖುಷಿಯಾಗಿ ನಕ್ಕರು. ನನಗೆ ತಡೆಯಲಾಗಲಿಲ್ಲ.

"ಅಕ್ಕೋರ, ಹತ್ತಕ್ಕ ಎರಡು ಅಂದ್ರ ಸೀರಿ ಫೇಲಾತಲ್ರಿ. ಏನ್ ಕಮ್ಮಿ ಐತಿ ಇದರಾಗ?"

ಅವರು ಕಣ್ಣು ಪಿಳುಕಿಸಿದರು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಸೀರಿಗಲ್ರಿ ಸಾವ್ಕಾರ್ರ, ನನ್ನ ಅಂಜಿಕಿಗೆ!"

ಹಿಂದಿನ ವರ್ಷ ಅವರ ರಕ್ತದ ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತಂತೆ. ತುಂಬಿದ ಬಸ್ಸಿನಲ್ಲಿ ಒಮ್ಮೆ ತಲೆ ಸುತ್ತಿ ಬಿದ್ದರು. ಗುಳಿಗೆಯಿಂದ ರಕ್ತ ಹನ್ನೊಂದಕ್ಕೇರಿತು. ಅಂಜಿಕೆ ಮಾತ್ರ ಕೆಳಗಿಳಿಯಲಿಲ್ಲ. ಬಸ್ಸು ಕಂಡರೆ ಎದೆ ಡವಡವ. ದಿನಾ ಬಸ್ಸಿನಲ್ಲೇ ಹೋಗಬೇಕಾದ ಸುಳ್ಳ ಎಂಬ ಹಳ್ಳಿಯ ಶಾಲೆಗೆ ಮುಖ್ಯಾಧ್ಯಾಪಕಿಯಾಗಿ ಬಡ್ತಿ ಬಂದಾಗ, ಬಸ್ಸಿಗೆ ಹೆದರಿ ಒಲ್ಲೆ ಎಂದಿದ್ದರು. ಈಗ ಅದೇ ಬಡ್ತಿ ಎರಡನೆಯ ಸಲ ಬಂದಿತ್ತು. ಮುಂದಿನ ವಾರದ ಬುಧವಾರದೊಳಗೆ ಒಪ್ಪಿಗೆ ಬರೆದುಕೊಡದಿದ್ದರೆ ಅದು ಕೈಬಿಟ್ಟುಹೋದಂತೆಯೇ.

"ದವಾಖಾನ್ಯಾಗ ಪೂನಮ್ ಮೇಡಂ ಅಂತ ಅದಾರ, ಮನಸಿನ ಅಂಜಿಕಿ ನೋಡೋರು. ಗದ್ದಲದಾಗ ಹೋಗಿ ಕುಂದರ್ರಿ, ಅಂಜಿಕಿಗೆ ಹತ್ತರಾಗ ಎಷ್ಟಂತ ಬರೀರಿ, ಅದು ಇಳಿಯೋತನಕ ಏಳಬ್ಯಾಡ್ರಿ ಅಂದಾರ. ನನಗ ಹೋಮ್‌ವರ್ಕ್ ನೋಡ್ರಿ, ಈ ವಯಸ್ಸಿನ್ಯಾಗ!"

"ಅದಕ್ಕ ನಮ್ಮ ಅಂಗಡಿನ ಯಾಕ ಬೇಕಾತ್ರಿ?"

"ಬಾಗಲಾ ಸಣ್ಣದು, ಫ್ಯಾನ್ ತಿರಗಂಗಿಲ್ಲ, ಉಸಿರ ಕಟ್ಟತೈತಿ. ಇಷ್ಟ ಥೇಟ ಬಸ್ಸಿನಂಗ ಇರೋ ಅಂಗಡಿ ಹುಬ್ಬಳ್ಳ್ಯಾಗ ಇನ್ನೊಂದು ಸಿಗಲಿಲ್ರಿ."

ನಿಜಾಮುದ್ದೀನ ನಗು ತಡೆಯಲು ಸೀರೆಯ ಹಿಂದೆ ಮುಖ ಮುಚ್ಚಿಕೊಂಡ.

ಆರನೆಯ ಮಂಗಳವಾರ ಶಿರಗುಪ್ಪಿಯಿಂದ ಮದುವೆ ಜವಳಿಗೆ ಇಪ್ಪತ್ತು ಮಂದಿ ಒಮ್ಮೆಲೇ ನುಗ್ಗಿದರು. ಅಷ್ಟರಲ್ಲಿ ಕರೆಂಟೂ ಹೋಯಿತು. ಟೀಚರ ಮುಖ ಬಿಳಿಚಿತು. ಒಂಬತ್ತು ಎಂದು ಬರೆದು ಎದ್ದೇಬಿಟ್ಟರು.

"ಅಕ್ಕೋರಿಗೆ ದಾರಿ ಬಿಡ್ರೀ!" ಎಂದು ನಿಜಾಮುದ್ದೀನ ಕೂಗಿದ.

"ಬ್ಯಾಡೋ ಮಾರಾಯಾ, ದಾರಿ ಬಿಡಸಬ್ಯಾಡ. ಬಿಟ್ರ ನಾ ಓಡೇ ಹೋಗ್ತೀನಿ" ಎಂದು ಟೀಚರು ಮತ್ತೆ ಕೂತರು.

ಎಂಟು. ಎಂಟು. ಏಳು. ಮದುಮಗಳ ಸೋದರತ್ತೆ ಅವರ ತೊಡೆಯ ಮೇಲೇ ಸೀರೆ ಹರವಿ ಬಣ್ಣ ಕೇಳಿದಳು. ಇವರು ನಡುಗುವ ದನಿಯಲ್ಲೇ ಉತ್ತರ ಕೊಟ್ಟರು. ಮುಕ್ಕಾಲು ತಾಸಾದರೂ ಐದರ ಕೆಳಗೆ ಇಳಿಯಲಿಲ್ಲ. ಟೀಚರು ಆ ಐದನ್ನೇ ದಿಟ್ಟಿಸಿ ನೋಡಿದರು.

"ಅರ್ಧಾ ಹೋತಲ್ರಿ, ಸಾಕು. ಉಳದದ್ದು ಬೇಕಾದ್ರ ನನ್ನ ಜೋಡಿ ಬಸ್ಸಿನ್ಯಾಗ ಬರಲಿ."

ಒಪ್ಪಿಗೆ ಪತ್ರ ತೆಗೆದು ನನ್ನ ಗಲ್ಲಾಪೆಟ್ಟಿಗೆಯ ಮೇಲಿಟ್ಟು ಸಹಿ ಮಾಡಿದರು. "ಸಾಲಿ ಹೆಂಗೈತಿ ನೋಡ್ಕೊಂಡ ಬರ್ತೀನಿ" ಎಂದು ರಸ್ತೆ ದಾಟಿ ಎದುರಿನ ಬಸ್ ಸ್ಟಾಪಿಗೆ ಹೋದರು. ಸುಳ್ಳದ ಬಸ್ಸು ಬಾಗಿಲವರೆಗೂ ತುಂಬಿತ್ತು. ಟೀಚರು ಒಂದು ಕಾಲು ಮೆಟ್ಟಿಲ ಮೇಲಿಟ್ಟು ನಿಂತೇ ಇದ್ದರು.

"ಹತ್ತೂದಿದ್ರ ಹತ್ರಿ ಅಕ್ಕಾ!" ಕಂಡಕ್ಟರ್ ರೇಗಿದ.

"ಹತ್ತಾಕತ್ತೇನಪಾ, ಒದರಬ್ಯಾಡ!" ಎಂದು ಇಡೀ ಬಸ್ಸು ಸುಮ್ಮನಾಗುವಂತೆ ಗದರಿಸಿ, ಗುಡ್ಡವ್ವ ಟೀಚರು ಒಳಗೆ ನುಗ್ಗಿದರು.